ನೂರಾ ಹನ್ನೆರಡನೆಯ ಕಂಬ

ಮೂವತ್ತು ವರ್ಷ ಕರೆಂಟು ತಂತಿಯ ಕೆಳಗೇ ನಡೆದು ಸವೆದ ಲೈನ್‌ಮ್ಯಾನ್‌ಗೆ ಅಂದು ಪರೀಕ್ಷೆ. ಮಂಡಿಯ ಆಪರೇಷನ್ ಆದಮೇಲೆ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಬಯಲಿನ ನೂರಾ ಇಪ್ಪತ್ತು ಮರದ ಕಂಬಗಳನ್ನು ಒಬ್ಬನೇ, ನಡೆದುಕೊಂಡೇ ನೋಡಿ ಸಂಜೆ ಆರರೊಳಗೆ ತಪಾಸಣೆಯ ಪುಸ್ತಕ ಕಚೇರಿಗೆ ಒಪ್ಪಿಸಬೇಕು. ತಪ್ಪಿದರೆ ನಾಳೆಯಿಂದ ಉಗ್ರಾಣದ ಕುರ್ಚಿ. ಕುರ್ಚಿ ಎಂದರೆ ಅವನಿಗೆ ಮೈಯೆಲ್ಲ ಉರಿ.

ಕೆಲಸವೇನೋ ಸರಳ. ಕಂಬವನ್ನು ಕೋಲಿನಿಂದ ತಟ್ಟಿ ಕಿವಿಗೊಡಬೇಕು. ಗಟ್ಟಿಯಿದ್ದರೆ ಸೀಮೆಸುಣ್ಣದಲ್ಲಿ ಸರಿ ಗುರುತು, ಒಳಗೆ ಟೊಳ್ಳಾಗಿದ್ದರೆ ಕತ್ತರಿ ಗುರುತು.

ಮೂವತ್ತನೆಯ ಕಂಬದ ಹತ್ತಿರ ತಿರುಗಿ ನೋಡಿದರೆ ದೂರದಲ್ಲೊಂದು ನೀಲಿ ಟೋಪಿ. ಇವನು ನಿಂತ, ಟೋಪಿಯೂ ನಿಂತಿತು. ಇವನು ಬೂಟಿನ ದಾರ ಕಟ್ಟಲು ಬಗ್ಗಿದ, ಟೋಪಿ ಬೇಲಿಯ ಹಿಂದೆ ಮಾಯ. ‘ಓಹೋ, ಕಾವಲಿಗೆ ಸಾಹೇಬರು ನನಗೆ ಬಾಲ ಹಚ್ಚಿದ್ದಾರೆ!’ ಎಂದುಕೊಂಡ. ಅಲ್ಲಿಂದ ಅವನಿಗೆ ಎಲ್ಲದರ ಮೇಲೂ ಗುಮಾನಿ. ಟ್ರಾಕ್ಟರಿನವನು “ಹತ್ತು ಯಜಮಾನ, ಬಿಟ್ಟುಕೊಡ್ತೀನಿ” ಎಂದಾಗ, “ನಿನಗೆ ಯಾರಯ್ಯ ಹೇಳಿಕೊಟ್ಟಿದ್ದು?” ಎಂದು ಗದರಿದ. ಪಾಪ, ಅವನು ಮಿಕಿಮಿಕಿ ನೋಡಿ ಹೋದ. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನೂ ನಡೆಯುತ್ತಲೇ ತಿಂದ; ಕೂತರೆ ಅದೂ ಚಾಡಿಯಾಗಬಹುದಲ್ಲ! ಮಂಡಿ ಚುರುಗುಟ್ಟಿದರೂ ಹಲ್ಲು ಕಚ್ಚಿಕೊಂಡು, ಕುಂಟದೆ ನಡೆದ.

ಇಳಿಹೊತ್ತಿಗೆ ಈ ಬಾಲದ ಕಾಟ ತಡೆಯಲಾಗಲಿಲ್ಲ. ತೋಪಿನ ತಿರುವಿನಲ್ಲಿ ತಟ್ಟನೆ ಹಳ್ಳಕ್ಕಿಳಿದು, ಪೊದೆಯಲ್ಲಿ ನುಸುಳಿ, ಆಚೆ ದಡ ಹತ್ತಿದ. ಬಾಲಕ್ಕೆ ಚಳ್ಳೆಹಣ್ಣು ತಿನ್ನಿಸಿದೆನೆಂದು ಒಳಗೊಳಗೇ ಹಿಗ್ಗಿದ.

ಕೊನೆಯ ಕಂಬಕ್ಕೆ ಬಂದಾಗ ಐದೂವರೆ ಗಂಟೆ. ಕಚೇರಿ ಕೂಗಳತೆಯಲ್ಲೇ ಇತ್ತು. ಹಿಂದಿನಿಂದ ಏದುಸಿರು ಕೇಳಿಸಿತು. ತಿರುಗಿದರೆ, ನೀಲಿ ಟೋಪಿಯ ಕೆಳಗೆ ಉಗ್ರಾಣದ ಗುಮಾಸ್ತನ ಬೆವರಿದ ಮುಖ!

“ಚಾಡಿ ಹೇಳೋಕೆ ಬಂದ್ಯೇನೋ?”

“ಅಯ್ಯೋ ಅಣ್ಣಾ! ನೀನು ಸೋತ್ರೆ ಕುರ್ಚಿ ನಿನಗೆ, ಈ ಕೋಲು ನನಗೆ. ನನ್ನ ಚಪ್ಪಟೆ ಪಾದದಲ್ಲಿ ಈ ದಾರಿ ಆಗುತ್ತಾ? ನೀನು ಗೆಲ್ಲಲಿ ಅಂತ್ಲೇ ಬಂದೆ. ಹಳ್ಳಕ್ಕೆ ಇಳಿದಾಗ ನೀನು ನೂರಾ ಹನ್ನೆರಡನೇ ಕಂಬ ಬಿಟ್ಟಿದ್ದೆ ನೋಡು, ನಾನೇ ಸರಿ ಗುರುತು ಹಾಕಿಬಂದೆ.”

ಲೈನ್‌ಮ್ಯಾನ್ ಪುಸ್ತಕ ಬಿಚ್ಚಿ ನೋಡಿದ; ನೂರಾ ಹನ್ನೆರಡರ ಸಾಲು ಖಾಲಿ. ಮೂವತ್ತು ವರ್ಷದಲ್ಲಿ ಒಂದು ಕಂಬ ಬಿಟ್ಟವನಲ್ಲ.

“ತಟ್ಟಿದ್ಯಾ? ಸದ್ದು ಹೇಗಿತ್ತು?”

“ತಟ್ಟೋದಾ? ಗುರುತು ಹಾಕಿದ್ರೆ ಸಾಲ್ದಾ?”

ಲೈನ್‌ಮ್ಯಾನ್ ಒಮ್ಮೆ ಕಚೇರಿಯ ಕಡೆ ನೋಡಿದ. ಪುಸ್ತಕದಲ್ಲೂ ಒಂದು ಸರಿ ಗುರುತು ಹಾಕಿ ಒಪ್ಪಿಸಿದರೆ ಮುಗಿಯಿತು, ಕೇಳುವವರಿಲ್ಲ. ಆಮೇಲೆ ಬೈದುಕೊಳ್ಳುತ್ತಾ ಬಂದ ದಾರಿಯಲ್ಲೇ ಹೊರಟ. ಗುಮಾಸ್ತ “ಹೊತ್ತು ಮೀರುತ್ತೆ ಅಣ್ಣಾ!” ಎಂದು ಗೋಗರೆಯುತ್ತಾ ಹಿಂದೆಯೇ ಕಾಲೆಳೆದ.

ಈಗ ಲೈನ್‌ಮ್ಯಾನ್ ಧಾರಾಳವಾಗಿ ಕುಂಟಿದ. ಕಂಬ ಸೇರುವಾಗ ಆರು ಹೊಡೆಯಲು ಐದೇ ನಿಮಿಷ. ಕೋಲೆತ್ತಿ ತಟ್ಟಿದ. ಖಾಲಿ ಡಬ್ಬದ ಸದ್ದು. ಅದರ ನೆರಳಿನಲ್ಲಿ ಯಾರದೋ ಮಕ್ಕಳು ಆಡಿಬಿಟ್ಟ ಚೆಂಡು ಬಿದ್ದಿತ್ತು.

ಸರಿ ಗುರುತನ್ನು ಅಂಗೈಯಿಂದ ಒರೆಸಿ ಕತ್ತರಿ ಗುರುತು ಹಾಕಿದ. ಗುಮಾಸ್ತ ಹುಲ್ಲಿನ ಮೇಲೆ ಕುಸಿದು ಚಪ್ಪಲಿ ಕಳಚಿದ. ಬೆಳಗಿನಿಂದ ಮೊದಲ ಸಲ ಲೈನ್‌ಮ್ಯಾನ್ ಅವನ ಪಕ್ಕದಲ್ಲಿ ಕೂತ. ಕಣ್ಣು ತುಂಬಿ ಬಂತು, ಮರೆಮಾಚಲಿಲ್ಲ. ಕೋಲನ್ನು ಗುಮಾಸ್ತನ ಕೈಗಿಟ್ಟು ಹೇಳಿದ:

“ಏಳು. ಮೊದಲು ತಟ್ಟೋದು ಕಲಿ.”