ಕಣ್ಣು ತೆರೆಸುವ ಕೆಲಸ

"ಅಣ್ಣಾ, ಇಲ್ಲೊಂದು ಕೈ ಐತೆ, ನೋಡ್ ಬರ್ರಿ," ಅಂದ ಪ್ರದೀಪ.

ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸುತ್ತಿದ್ದ ಕೊಟ್ರಬಸಪ್ಪ ತಟ್ಟನೆ ತಿರುಗಿದ. ಅರ್ಧ ಟೀ ಲೋಟದ ಹೊರಗೇ ಹೋಯಿತು. ಫೈಬರ್ ದೋಣಿಯೊಂದು ಶೆಡ್ಡಿನ ನಡುವೆ ಎರಡು ಹಳೇ ಟ್ರ್ಯಾಕ್ಟರ್ ಟೈರುಗಳ ಮೇಲೆ ಕೂತಿತ್ತು. ಅದರೊಳಗೆ ಮೊಣಕಾಲೂರಿ ಉಜ್ಜುಕಾಗದ ಹಿಡಿದಿದ್ದ ಪ್ರದೀಪನ ಮೈತುಂಬ ನೀಲಿ ಪುಡಿ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದೆ ಕಾರಿನ ಬಂಪರು, ನೀರಿನ ಟ್ಯಾಂಕು ಇಂಥವಕ್ಕೆ ತೇಪೆ ಹಾಕುವವನು ಅವನು. ದೋಣಿ ಮುಟ್ಟಿದ್ದು ಇದೇ ಮೊದಲು.

"ಏನ್ ಕೈಯೋ ಮಾರಾಯ?"

"ಹೆದರಬ್ಯಾಡ್ರಿ, ಬರೇ ಗುರ್ತು."

ಕೂರುವ ಹಲಗೆಯ ಪಕ್ಕ, ದೋಣಿಯ ಒಳಮೈಯಲ್ಲಿ, ನೀಲಿ ಬಣ್ಣ ಹೋದ ಕಡೆ ಹಳದಿಗಟ್ಟಿದ ಒಂದು ಹಳೇ ತೇಪೆ ಕಂಡಿತ್ತು. ಅದರಲ್ಲಿ ಅಗಲವಾದ ಬಲಗೈಯೊಂದರ ಅಚ್ಚು. ಐದೂ ಬೆರಳು, ಅಂಗೈಯ ಗೆರೆ, ಹೆಬ್ಬೆರಳ ಬುಡದಲ್ಲಿ ಬಲೆಯ ದಾರ ಕೊಯ್ದು ಕೊಯ್ದು ಬಿದ್ದ ಗೀರು, ಎಲ್ಲ ಇದ್ದವು.

"ರೆಸಿನ್ ಅಂಟು ಒಣಗಾಕೆ ಮೊದ್ಲೇ ಅಂಗೈ ಊರಿ ಒತ್ಯಾನೆ ನೋಡ್ರಿ ಪುಣ್ಯಾತ್ಮ. ಗ್ಲೌಸಿಲ್ಲ, ಏನಿಲ್ಲ. ಎರಡು ದಿನ ಉರಿ ಹತ್ತಿರಬೇಕು," ಎಂದು ಪ್ರದೀಪ ನಕ್ಕ. "ಅಡಿಯಾಗೆ ಗಾಳಿ ಸೇರೈತೆ ಅಣ್ಣಾ. ಇದನ್ನ ಕಿತ್ತು ಹೊಸದು ಹಾಕಬೇಕು. ಗ್ರೈಂಡರ್ ಹಿಡಿದ್ರೆ ಎರಡೇ ನಿಮಿಷ."

"ಬ್ಯಾಡ."

"ಸೋರುತ್ತಲ್ರೀ!"

"ಹೊರಗಡೆಯಿಂದ ಎರಡು ಪದರ ಹಾಕು. ಒಳಗೆ ಬಣ್ಣ ಬಳೀಬ್ಯಾಡ, ಬರೇ ರೆಸಿನ್ ಸವರು. ಕೈ ಹಂಗೇ ಇರ್ಲಿ."

ಪ್ರದೀಪ ಅವನ ಮುಖವನ್ನೇ ನೋಡಿದ. "ನಿಮಗೆ ಹಕ್ಕಿ ಹುಚ್ಚು ಅಂತ ಗೊತ್ತಿತ್ತು. ಇದ್ಯಾವ ಹುಚ್ಚೋ ಕಾಣೆ," ಎಂದು ಗೊಣಗಿ ಮತ್ತೆ ಉಜ್ಜತೊಡಗಿದ.

ಕೊಟ್ರಬಸಪ್ಪನ ಹಕ್ಕಿ ಹುಚ್ಚಿನ ವಿಷಯ ಹೊನ್ನಾಳಿಗೆಲ್ಲ ಗೊತ್ತು. ಮೂವತ್ತು ವರ್ಷ ಮದುವೆ, ಸೀಮಂತ, ಸಾವು ಎಂದು ಫೋಟೊ ತೆಗೆಯುತ್ತ ಓಡಾಡಿದವನು ಸ್ಟುಡಿಯೊವನ್ನು ಮಗಳಿಗೆ ಬಿಟ್ಟುಕೊಟ್ಟು, ಬೆಳಗಾದರೆ ಕ್ಯಾಮೆರಾ ಹೆಗಲಿಗೇರಿಸಿ ಹೊಳೆದಂಡೆಗೆ ಹೋಗುತ್ತಾನೆ. ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ನಡುಹೊಳೆಯ ಬಂಡೆಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ದಂಡೆಯಿಂದ ತೆಗೆದರೆ ಬಿಳಿ ಚುಕ್ಕಿ ಬಿಟ್ಟು ಏನೂ ಸಿಗದು. ನೀರಿನ ಮಟ್ಟಕ್ಕೆ ಕೂತು ಹಕ್ಕಿಯ ಕಣ್ಣಿಗೆ ಕಣ್ಣು ಕೊಡಬೇಕು. ಅದಕ್ಕೇ ದೋಣಿ. ಹಲಗೆಯನ್ನು ಒಂದು ಗೇಣು ಕೆಳಗಿಳಿಸಿದ್ದಾಯಿತು, ಮರೆಗೆ ಹಸಿರು ಬಲೆಬಟ್ಟೆ ಕಟ್ಟಲು ಪೈಪು ಬಗ್ಗಿಸಿದ್ದಾಯಿತು, ಲೆನ್ಸು ಊರಲು ಭತ್ತದ ಹೊಟ್ಟು ತುಂಬಿದ ಚೀಲವನ್ನು ಹೆಂಡತಿ ಬೈದುಕೊಂಡೇ ಹೊಲಿದುಕೊಟ್ಟಳು. ಕಣ್ಣು ಕುಕ್ಕುವ ನೀಲಿ ಹೋಗಿ ಕೆಸರಿನ ಬಣ್ಣ ಬಂದರೆ ಮುಗಿಯಿತು. ಆದರೆ ಊರಲ್ಲಿ ಇಷ್ಟು ದೋಣಿಗಳಿರುವಾಗ ಎಂಟು ವರ್ಷದಿಂದ ಬೋರಲು ಬಿದ್ದಿದ್ದ ಇದೇ ಯಾಕೆ ಬೇಕಾಯಿತು ಎಂಬುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಸ್ಟುಡಿಯೊದವರಲ್ಲಿ 'ಕಣ್ಣು ತೆರೆಸುವುದು' ಎಂಬ ಒಂದು ಕೆಲಸವುಂಟು. ಸತ್ತವರದು ಒಂದಾದರೂ ನೆಟ್ಟಗಿನ ಫೋಟೊ ಇರದ ಮನೆಗಳು ಈ ಸೀಮೆಯಲ್ಲಿ ಎಷ್ಟೋ. ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ತೆಗೆಸಿದ ಫೋಟೊವೇ ಕಡೆಗೆ ಗತಿ. ಅದನ್ನು ತೋರಿಸಿ "ಕಣ್ಣು ತೆರೆಸಿ ಕೊಡ್ರಿ, ಗ್ವಾಡೆಗೆ ಹಾಕಾಕೆ" ಅನ್ನುತ್ತಾರೆ. ಆಗ ಕಂಪ್ಯೂಟರಿನಲ್ಲಿ ಬೇರೆ ಯಾರದೋ ಕಣ್ಣು ಕತ್ತರಿಸಿ ಆ ಮುಖಕ್ಕೆ ಕೂರಿಸಬೇಕು. ಈ ವಿದ್ಯೆ ಕಲಿಸಿದ ಮಾಸ್ತರು ಕೊಟ್ರಬಸಪ್ಪನಿಗೆ ಒಂದೇ ಒಂದು ಕಟ್ಟು ಹಾಕಿದ್ದರು: ಸತ್ತವರಿಗೆ ಸತ್ತವರ ಕಣ್ಣೇ ಹಚ್ಚು, ಬದುಕಿರುವವರದನ್ನು ಮುಟ್ಟಬೇಡ. ಅದಕ್ಕೆಂದೇ ಅವನು ತೀರಿಕೊಂಡವರ ಹಳೇ ಫೋಟೊಗಳನ್ನೆಲ್ಲ ಒಂದು ಕಡೆ ಕೂಡಿಟ್ಟಿದ್ದ.

ಎಂಟು ವರ್ಷದ ಹಿಂದೆ ಸವಳಂಗದ ನಾಗೇಂದ್ರಪ್ಪನವರು ತೀರಿಕೊಂಡಾಗ ಆ ಕಟ್ಟು ಮುರಿಯಿತು. ಬೆಳಗಾದರೆ ತಿಥಿ, ಕೂಡಿಟ್ಟ ಯಾವ ಕಣ್ಣೂ ಆ ದೊಡ್ಡ ಮುಖಕ್ಕೆ ಕೂರಲೊಲ್ಲದು. ಹೊಳೆದಂಡೆಯ ನಿಂಗರಾಜ್ ಆ ವಾರವೇ ಮೀನುಗಾರರ ಸಂಘದ ಕಾರ್ಡಿಗೆಂದು ಫೋಟೊ ತೆಗೆಸಿಕೊಂಡು ಹೋಗಿದ್ದ. ಅವನ ಮುಖ ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಅದೇ ಬೆಳಕು, ಅದೇ ಓರೆ. ಎಡಗಣ್ಣಿನ ರೆಪ್ಪೆಯ ಮೇಲೆ ಗಾಳದ ಕೊಕ್ಕೆ ಸೀಳಿದ ಒಂದು ಸಣ್ಣ ಗೀಟಿತ್ತು. ಅಳಿಸಬಹುದಿತ್ತು, ಕೊಟ್ರಬಸಪ್ಪ ಅಳಿಸಲಿಲ್ಲ. ಆ ಗೀಟಿನಿಂದಲೇ ಕಣ್ಣಿಗೆ ಜೀವ ಬಂದಂತಿತ್ತು. "ಅಪ್ಪಾಜಿ ಎದ್ದು ಬಂದಂಗೈತೆ" ಎಂದು ನಾಗೇಂದ್ರಪ್ಪನ ಮಕ್ಕಳು ಆ ಫೋಟೊ ನೋಡಿ ಅತ್ತರು.

ಆ ಕಣ್ಣು ಹಚ್ಚಿದ ಹತ್ತೊಂಬತ್ತನೇ ದಿನಕ್ಕೆ ನಿಂಗರಾಜ್‌ನ ನೀಲಿ ದೋಣಿ ಜಾಲಿ ಮೆಳೆಗೆ ಸಿಕ್ಕಿ ಖಾಲಿ ನಿಂತಿತ್ತು. ಮೂರು ದಿನ ಬಿಟ್ಟು ಕೆಳಗಿನ ಮಡುವಿನಲ್ಲಿ ಅವನು ಸಿಕ್ಕ. ಮೀನುಗಳು ಅವನ ಕಣ್ಣುಗಳನ್ನು ತಿಂದುಬಿಟ್ಟಿದ್ದವಂತೆ.

ಆ ಮಾತು ಕೇಳಿದ ಸಂಜೆ ಕೊಟ್ರಬಸಪ್ಪ ಮಾಡಿದ್ದು ಎರಡು ಕೆಲಸ. ಕಂಪ್ಯೂಟರಿನಲ್ಲಿದ್ದ ನಿಂಗರಾಜ್‌ನ ಮುಖವನ್ನು ಅಳಿಸಿದ. ನಿಂಗರಾಜ್ ಇನ್ನೂ ಒಯ್ದಿರದ ಎಂಟು ಪಾಸ್‌ಪೋರ್ಟ್ ಫೋಟೊಗಳು ಡ್ರಾಯರಿನಲ್ಲಿದ್ದವು; ಆ ಕವರನ್ನು ಸೇತುವೆ ಮೇಲಿಂದ ಹೊಳೆಗೆ ಹಾಕಿದ. ವಾರದ ಮೇಲೆ ನಿಂಗರಾಜ್‌ನ ಹೆಂಡತಿ ಭೀಮಕ್ಕ ಬಂದು, "ಅಣ್ಣಾರೆ, ನಮ್ಮನೆಯೋರ ಫೋಟೊ ದೊಡ್ಡದು ಮಾಡಿ ಕೊಡ್ರಿ, ಮನ್ಯಾಗೆ ಒಂದೂ ಇಲ್ಲ" ಎಂದಾಗ, ಕಂಪ್ಯೂಟರ್ ಕೆಟ್ಟು ಎಲ್ಲ ಹೋಯಿತು ತಾಯಿ ಎಂದುಬಿಟ್ಟ. ಅವಳು ಬಾಗಿಲ ತನಕ ಹೋಗಿ, ಮತ್ತೆ ತಿರುಗಿ ಬಂದು, "ಒಂದ್ಸಲ ನೋಡ್ರಿ" ಅಂದಿದ್ದಳು. ನೋಡಿದಂತೆ ಮಾಡಿ ಇಲ್ಲವೆಂದ. ಅಂದಿನಿಂದ ಅವನು ಯಾರ ಕಣ್ಣನ್ನೂ ತೆರೆಸಿಲ್ಲ. ಹಕ್ಕಿಗಳ ಹಿಂದೆ ಬಿದ್ದದ್ದೂ ಆಮೇಲೆಯೇ. ಹಕ್ಕಿಗೆ ಯಾರೂ ಕಣ್ಣು ತೆರೆಸೆಂದು ಕೇಳುವುದಿಲ್ಲ ನೋಡಿ. ಆದರೆ ಹಕ್ಕಿ ಫೋಟೊದಲ್ಲಿ ಮೊದಲು ಹಿಡಿಯಬೇಕಾದ್ದು ಕಣ್ಣೇ. ಮಿಂಚುಳ್ಳಿಯದಾಗಲಿ ರೀವದ್ದಾಗಲಿ, ಆ ಪುಟ್ಟ ಕಪ್ಪು ಗುಂಡು ಲೆನ್ಸಿನಲ್ಲಿ ನಿಚ್ಚಳವಾಗುತ್ತಲೇ ಅವನ ಬೆರಳು ಒಂದು ಗಳಿಗೆ ತಡೆಯುತ್ತಿತ್ತು.

ಎಂಟು ವರ್ಷದ ಮೇಲೆ ಅದೇ ದೋಣಿ ಕೇಳಲು ಹೋದಾಗ ಭೀಮಕ್ಕ ಹೆಚ್ಚು ಮಾತಾಡಲಿಲ್ಲ. "ಒಯ್ರಿ. ಆದ್ರೆ ನೀರಿಗಿಳಿಸೋ ದಿನ ನನ್ನ ಕರೀಬೇಕು. ಕೊಟ್ಟ ಮನೆಯೋರು ಮೊದ್ಲು ಹುಟ್ಟು ಹಾಕ್ಬೇಕು. ನಮ್ಮಾಗೆ ಹಂಗೈತೆ," ಅಂದಳು. ಆಯಿತು ಎಂದು ಬಂದಿದ್ದ.

ಆಯಿತು ಎಂದವನು ಕರೆಯಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಳ್ಳಿ ತಳ್ಳಿ, ಕೊನೆಗೆ ಒಂದು ಗುರುವಾರ ಬೆಳಿಗ್ಗೆ ಸದ್ದಿಲ್ಲದೆ ದೋಣಿಯನ್ನು ಗೂಡ್ಸ್ ಆಟೊಗೆ ಹೇರಿಸಿದ. ಹೊಳೆಗೆ ಬಂದು ನೋಡಿದರೆ ಕಲ್ಲಿನ ಮೇಲೆ ಭೀಮಕ್ಕ ಕೂತಿದ್ದಾಳೆ! ಪಕ್ಕದಲ್ಲಿ ಒಂದು ಕೈಚೀಲ, ತೊಡೆಯ ಮೇಲೆ ತೆಂಗಿನಕಾಯಿ.

"ನಾನೇ ಫೋನ್ ಮಾಡಿದ್ದೆ ಅಣ್ಣಾ. ದೋಣಿ ತರಾಕೆ ಹೋದಾಗ ಕರೀರಿ ಅಂತ ನನಗೂ ಹೇಳಿದ್ರು. ನಿಮಗೆ ಮರ್ತಿರುತ್ತೆ ಅಂತ," ಎಂದ ಪ್ರದೀಪ, ದೊಡ್ಡ ಉಪಕಾರ ಮಾಡಿದವನಂತೆ.

ಕೊಟ್ರಬಸಪ್ಪ ಹಲ್ಲು ಕಚ್ಚಿಕೊಂಡ. ಭೀಮಕ್ಕ ಎದ್ದು ಬಂದು ದೋಣಿಯ ಮೂತಿಗೆ ಕುಂಕುಮವಿಟ್ಟಳು, ಕಾಯಿ ಒಡೆದು ನೀರನ್ನು ಹೊಳೆಗೆ ಬಿಟ್ಟು, "ತಾಯಿ ಗಂಗವ್ವ, ಒಂದು ಜೀವ ತಗಂಡೀ, ಸಾಕು ಮಾಡು," ಅಂದಳು. ಬಣ್ಣ ನೋಡಿ, "ಎಮ್ಮೆ ಮಾಡೀರಿ ದೋಣೀನ," ಎಂದು ಒಂದಿಷ್ಟು ನಕ್ಕಳು ಕೂಡ. ಆಮೇಲೆ ಹುಟ್ಟು ತೆಗೆದುಕೊಂಡು ಒಳಗೆ ಕಾಲಿಟ್ಟಳು.

"ಹತ್ರಿ, ಅಣ್ಣಾರೆ. ನಿಮಗೆ ಹುಟ್ಟು ಹಾಕಾಕೆ ಎಲ್ಲಿ ಬರುತ್ತೆ? ನಿಮ್ಮ ಬಂಡೆ ತನಕ ನಾನೇ ಬಿಡ್ತೀನಿ."

ದಂಡೆಯಲ್ಲಿ ಉಳಿದ ಪ್ರದೀಪ ತನ್ನ ತೇಪೆ ಸೋರುತ್ತದೋ ಏನೋ ಎಂದು ಬಗ್ಗಿ ನೋಡುತ್ತಿದ್ದ. ಸೋರಲಿಲ್ಲ. ದೋಣಿ ನಡುಹೊಳೆಗೆ ಸಾಗಿತು. ಭೀಮಕ್ಕ ಗಂಡ ಕೂರುತ್ತಿದ್ದ ಹಲಗೆಯ ಮೇಲೆ ಕೂತಿದ್ದಳು. ಎದುರಿಗೆ ಕ್ಯಾಮೆರಾ ಅವಚಿಕೊಂಡು ಕೊಟ್ರಬಸಪ್ಪ. ಅರ್ಧ ದಾರಿಯಲ್ಲಿ ಅವಳು ಹುಟ್ಟನ್ನು ಮೇಲೆತ್ತಿದಳು. ಅವಳಿಗೆ ಕೈ ಕಂಡಿತ್ತು.

ತನ್ನ ಬಲಗೈಯನ್ನು ಅದರ ಮೇಲೆ ಇಟ್ಟಳು. ಅವಳ ಬೆರಳು ಆ ಬೆರಳಿಗಿಂತ ಅರ್ಧ ಇಂಚು ಚಿಕ್ಕವು.

"ಹೋದ ವರ್ಷ ಸವಳಂಗಕ್ಕೆ ಮೆಕ್ಕೆಜೋಳ ಮುರಿಯಾಕೆ ಹೋಗಿದ್ವಿ," ಎಂದು ಶುರುಮಾಡಿದಳು. "ಮಧ್ಯಾಹ್ನ ಉಣ್ಣಾಕೆ ಹೊಲದೋರ ಮನೆ ಪಡಸಾಲ್ಯಾಗೆ ಕೂತಿದ್ವಿ. ತುತ್ತು ಎತ್ತಿದೆ, ಗ್ವಾಡೆ ಮ್ಯಾಲಿಂದ ನಮ್ಮನೆಯೋರು ನನ್ನೇ ನೋಡ್ತಾರೆ. ಮುಖ ಯಾರದೋ, ಕಣ್ಣು ಅವರ್ದು. ರೆಪ್ಪೆ ಮ್ಯಾಲಿನ ಗೀಟು ಸೈತ. ತುತ್ತು ಒಳಗಿಳಿಲಿಲ್ಲ ನಂಗೆ."

ಕೊಟ್ರಬಸಪ್ಪ ಕ್ಯಾಮೆರಾವನ್ನು ತೊಡೆಗಿಳಿಸಿದ. "ಭೀಮಕ್ಕ, ಅದು ನಾನೇ..."

"ಗೊತ್ತು. ಹೊನ್ನಾಳಿ ಕೊಟ್ರಬಸಪ್ಪ ಕಣ್ಣು ತೆರೆಸಿದ್ದು ಅಂತ ಆ ಮನೆಯೋರೇ ಹೇಳಿದ್ರು. ದೋಣಿ ಬೇಕು ಅಂತ ಮೂರು ಜನ ಕೇಳಿದ್ರು, ನಿಮಗೇ ಯಾಕೆ ಕೊಟ್ಟೆ ಅಂದ್ಕೊಂಡ್ರಿ? ಈಗಾದ್ರೂ ಬಾಯಿ ಬಿಡ್ತೀರಿ ಅಂತ."

"ಬದುಕಿರೋರ ಕಣ್ಣು ತಗೀಬಾರದಿತ್ತು. ತಗದೆ. ಹತ್ತೊಂಬತ್ತು ದಿನಕ್ಕೆ ಅವನು ಹೋದ. ಎಂಟು ವರ್ಷದಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ ತಾಯಿ."

ಭೀಮಕ್ಕ ಅವನನ್ನು ದಿಟ್ಟಿಸಿದಳು. "ಅಯ್ಯ, ಅದಕ್ಕೆ ಸತ್ರು ಅಂದ್ಕೊಂಡ್ರಾ? ಅವತ್ತು ಹೊಳೆ ತುಂಬಿ ಬಂದಿತ್ತು. ಬ್ಯಾಡ ಅಂತ ಬಡ್ಕಂಡೆ, ಕುಡಿದಿದ್ರು, ಕೇಳ್ಲಿಲ್ಲ, ಹೋದ್ರು. ನಿಮ್ಮ ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧ?"

ಎಂಟು ವರ್ಷ ಹೊತ್ತ ಭಾರವನ್ನು ಅವಳು ಇಷ್ಟು ಹಗುರಕ್ಕೆ ಎತ್ತಿ ಆಚೆಗಿಟ್ಟಳು. ಕೊಟ್ರಬಸಪ್ಪನಿಗೆ ಅಳು ಉಕ್ಕಿ ಬಂತು. ಆದರೆ ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಅಣ್ಣಾರೆ, ಒಂದು ಕೇಳ್ತೀನಿ. ಆ ಫೋಟೊದಾಗಿಂದ ಅವರ ಕಣ್ಣು ವಾಪಸ್ ತೆಗೆಯಾಕೆ ಬರುತ್ತಾ? ನಾನು ಕಡೇ ಸಲ ನೋಡಿದಾಗ ಆ ಮುಖದಾಗೆ ಕಣ್ಣೇ ಇರ್ಲಿಲ್ಲ. ಮುಖ ನೆನೆಸ್ಕಂಡಾಗೆಲ್ಲ ಅದೇ ಬರುತ್ತೆ. ಕಣ್ಣಿರೋ ಒಂದು ಮುಖ ಮಾಡಿ ಕೊಟ್ರೆ ಸಾಕು."

"ಕಣ್ಣು ತೆಗೀಬಹುದು," ಎಂದ ಕೊಟ್ರಬಸಪ್ಪ. "ಮುಖ ಬೇಕಲ್ಲ. ಮುಖ ಎಲ್ಲಿಂದ ತರ್ಲಿ?"

"ಹೌದಲ್ಲ. ಕಂಪ್ಯೂಟರ್ ಕೆಟ್ಟು ಹೋತು ಅಂದಿದ್ರಿ."

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕ್ಷಮೆಯೂ ಸಿಕ್ಕಾಗಿತ್ತು. ದೋಣಿ ತಾನಾಗಿಯೇ ಮೆಲ್ಲಗೆ ತಿರುಗಿತು, ದೂರದಲ್ಲಿ ಸೇತುವೆಯ ಕಂಬಗಳು ಕಂಡವು.

"ಕೆಟ್ಟಿರ್ಲಿಲ್ಲ," ಎಂದ. "ನಾನೇ ಅಳಿಸಿದೆ. ಎಂಟು ಫೋಟೊ ಪ್ರಿಂಟ್ ಹಾಕಿಸಿ ಇಟ್ಟಿದ್ದೆ, ಅವನು ಬಂದು ಒಯ್ದಿರ್ಲಿಲ್ಲ. ಹೆದರಿ ಅವನ್ನೂ ಆ ಸೇತುವೆ ಮ್ಯಾಲಿಂದ ಹೊಳಿಗೆ ಹಾಕಿದೆ. ನೀವು ಬಂದು ಕೇಳೋ ಮೊದ್ಲೇ."

ಭೀಮಕ್ಕ ಸೇತುವೆಯ ಕಡೆ ನೋಡಿದಳು. ಹುಟ್ಟಿನಿಂದ ಹನಿ ತೊಟ್ಟಿಕ್ಕುತ್ತಿತ್ತು.

"ಎಂಟೂ?"

"ಎಂಟೂ."

"ಒಂದಾದ್ರೂ ಇಟ್ಕೋಬಾರ್ದಾಗಿತ್ತಾ?" ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ಕೊಟ್ರಬಸಪ್ಪ ತಡೆದುಕೊಳ್ಳುತ್ತಿದ್ದ. "ಅವರು ಸತ್ತದ್ದು ಹೊಳ್ಯಾಗೆ, ಸರಿ. ಅವರ ಮುಖಾನೂ ಹೊಳಿಗೇ ಹಾಕಿದ್ರಾ ನೀವು."

ದೋಣಿ ಹೊಳೆ ಸೆಳೆದ ಕಡೆ ಹೋಯಿತು. ಬಂಡೆ ಹತ್ತಿರವಾದಂತೆ ರೀವಗಳು ಕಿರಿಚತೊಡಗಿದವು. ಭೀಮಕ್ಕ ಸೆರಗಿನಿಂದ ಮುಖ ಒರೆಸಿ, ಕೂದಲು ಹಿಂದಕ್ಕೆ ತಳ್ಳಿ, ನೆಟ್ಟಗೆ ಕೂತಳು.

"ನಂದೊಂದು ಫೋಟೊ ತೆಗೀರಿ."

"ಈಗಾ?"

"ಈಗ್ಲೇ. ಕಣ್ಣು ಬಿಟ್ಟಿರೋವಾಗ್ಲೇ. ನಾನು ಹೋದ ಮ್ಯಾಲೆ ಯಾರ ಕಣ್ಣನ್ನೂ ಹುಡುಕೋದು ಬ್ಯಾಡ ನೀವು. ಮುಖ ಪೂರ್ತಿ ಬರ್ಲಿ."

ಹಕ್ಕಿಗೆಂದು ತಂದ ಉದ್ದ ಲೆನ್ಸು ಅದು, ಹತ್ತಿರದ್ದನ್ನು ಹಿಡಿಯದು. ಕೊಟ್ರಬಸಪ್ಪ ಕೂತಲ್ಲೇ ಹಿಂದಕ್ಕೆ ಸರಿದ, ಇನ್ನೂ ಸರಿದ, ಬೆನ್ನು ದೋಣಿಯ ಮೂತಿಗೆ ಒತ್ತಿತು. ಮೊದಲು ಬರೇ ಮಂಜು. ಆಮೇಲೆ ಎರಡು ಕಣ್ಣು ನಿಚ್ಚಳವಾದವು, ಚೌಕಟ್ಟಿಗೆ ಬೇರೆ ಏನೂ ಹಿಡಿಸಲಿಲ್ಲ. ಹಿಂದೆ ಸರಿಯಲು ಇನ್ನು ಜಾಗವಿರಲಿಲ್ಲ, ಬೆನ್ನ ಹಿಂದೆ ನೀರು.

ಬಂಡೆಯ ಮೇಲಿಂದ ರೀವಗಳು ಒಟ್ಟಿಗೇ ಎದ್ದು ಅವರ ತಲೆಯ ಮೇಲೆ ಹಾದುಹೋದವು. ಅವನು ಲೆನ್ಸನ್ನು ಅವುಗಳತ್ತ ಎತ್ತಲಿಲ್ಲ. ಬಲಗೈಯನ್ನು ಆ ತೇಪೆಯ ಮೇಲೆ ಊರಿ ಭೀಮಕ್ಕ ಕಾಯುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿದರೂ ಅವಳು ರೆಪ್ಪೆ ಬಡಿಯಲಿಲ್ಲ.