ಲಿಂಗಕ್ಕೆ ತೋರಿಸಿದ ಶೇಕ್

ಅಜ್ಜಿಗೆ ಟೈಫಾಯ್ಡ್ ಬಿಟ್ಟು ತಿಂಗಳಾದರೂ ಕಾಲಿಗೆ ಕಸುವು ಬಂದಿರಲಿಲ್ಲ. ಜಗಲಿಗೆ ಬರಲೂ ಗೋಡೆ ಹಿಡಿಯುತ್ತಿದ್ದಳು. ಜ್ವರ ಹತ್ತುವ ಮುಂಚೆ ಅವಳು ಹೇಳುತ್ತಿದ್ದ ಕತೆಯಲ್ಲಿ ರಾಜಕುಮಾರಿ ಬಾವಿಗೆ ಇಳಿದಿದ್ದಳು. ಇನ್ನೂ ಅಲ್ಲೇ ಇದ್ದಳು. ಎಮ್ಮೆಗೆ ನೀರಿಡುವಾಗಲೂ ನನಗೆ ಆ ಬಾವಿಯ ತಳದ ತಣ್ಣನೆ ಕತ್ತಲೆಯೇ ನೆನಪಾಗುತ್ತಿತ್ತು.

ಅಷ್ಟರಲ್ಲಿ ನಂದಿತಾ ಅತ್ತಿಗೆ ಅಜ್ಜಿಗೆ ಕಸುವು ಬರಲೆಂದು ಶೇಕ್ ಪುಡಿಯ ಡಬ್ಬ ತಂದಳು. ಅಣ್ಣನ ಹೆಂಡತಿ. ದಿನಾ ಬೆಳಗ್ಗೆ ಹೆಮ್ಮರಗಾಲದಿಂದ ಸ್ಕೂಟರಿನಲ್ಲಿ ನಂಜನಗೂಡಿಗೆ ಹೋಗಿ, ನ್ಯೂಟ್ರಿಷನ್ ಕ್ಲಬ್ಬು ಅಂತ ಒಂದು ರೂಮಿನಲ್ಲಿ ಜನರಿಗೆ ಶೇಕ್ ಕುಡಿಸುತ್ತಾಳೆ.

ಅಜ್ಜಿಯ ಕತೆಗಳಲ್ಲಿ ಒಂದು ಗುಟುಕು ಮದ್ದಿಗೆ ಸತ್ತವರೂ ಎದ್ದು ಕೂರುತ್ತಾರೆ. ಹಾಗಾಗಿ ನಾನೂ ನಂಬಿದೆ. ಆದರೆ ವಾರ ಕಳೆಯುವುದರೊಳಗೆ ಅಜ್ಜಿಗೆ ಮಧ್ಯಾಹ್ನದ ಮುದ್ದೆ ಬೇಡವಾಯಿತು. ಅವಳ ಹೊಟ್ಟೆಯ ಗುಡುಗುಡು ನನಗೆ ಅಡುಗೆಮನೆಗೆ ಕೇಳುತ್ತಿತ್ತು.

"ಮೊದ್‌ಮೊದ್ಲು ಹಂಗೇಯ. ಬಾಡಿ ಕ್ಲೀನ್ ಆಯ್ತಾ ಅದೆ," ಎಂದಳು ಅತ್ತಿಗೆ.

"ಸಣ್ಣ ಆಗವಳೆ ಕಣತ್ತಿಗೆ."

"ಬೇಡದ್ದೆಲ್ಲ ಕರಗ್ತದೆ."

"ದಪ್ಪ ಆಗಿದ್ರೆ?"

"ಮಸಲ್ ಬಂತು ಅಂತ."

ಏನು ಕೇಳಿದರೂ ಉತ್ತರ ಡಬ್ಬದ ಪರವಾಗಿಯೇ ಬರುತ್ತಿತ್ತು. ಅಜ್ಜಿಯನ್ನು ಬಸ್ಸಿನಲ್ಲಿ ನರಸೀಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, "ಈ ಪುಡಿ ಇವರಿಗೆ ಒಗ್ತಿಲ್ಲ. ನಿಲ್ಲಿಸಿ, ಊಟ ಮಾಡಿಸಿ," ಎಂದರು.

ವಾಪಸು ಬರುವಾಗ ಕೇಳಿದೆ, "ಒಗ್ಗಲ್ಲ ಅಂತ ಬಾಯ್ಬಿಟ್ಟು ಹೇಳಕ್ಕೇನಾಗಿತ್ತಜ್ಜಿ? ಚೆಲ್ಲಬೋದಿತ್ತಲ್ಲ."

"ಲಿಂಗಕ್ಕೆ ತೋರ್ಸಿದ್ ಪ್ರಸಾದ್ವ ಚೆಲ್ಲಕಾಯ್ತದಾ ಕೂಸೆ?"

"ತೋರಿಸ್ಬೇಡ ಹಂಗಾದ್ರೆ."

"ತೋರಿಸ್ದೆ ನಾನು ಏನ್ನೂ ಬಾಯ್ಗಿಡಕಿಲ್ಲ."

"ಬಾಯಿಗೇ ಇಡ್ಬೇಡ ಅಂತಿರೋದು."

"ಮೊಮ್ಮಗನ್ ಎಂಡ್ರು ಆಸೆಯಿಂದ ಕಲಸ್ಕೊಟ್ಟವ್ಳೆ. ಬ್ಯಾಡ ಅನ್ನದು ಎಂಗೆ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೆಳಗ್ಗೆ ಪೂಜೆಗೆ ಕೂತವಳು ಅಂಗೈಯ ಲಿಂಗಕ್ಕೆ ಲೋಟ ತೋರಿಸಿದಳೆಂದರೆ ಮುಗಿಯಿತು. ಒಂದು ಹನಿ ಬಿಡದೆ ಕುಡಿದು, ಲೋಟಕ್ಕೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದಳು. ಅತ್ತಿಗೆ ಅದನ್ನು ನೋಡಿ, "ಅಜ್ಜಿಗೆಷ್ಟು ಇಷ್ಟ ನೋಡು," ಎಂದು ಫೋಟೋ ತೆಗೆದು ಕ್ಲಬ್ಬಿನ ಗ್ರೂಪಿಗೆ ಹಾಕುತ್ತಿದ್ದಳು.

ಭಾನುವಾರ ಕ್ಲಬ್ಬಿಗೆ ರಜೆ. ಡಾಕ್ಟರು ಹೇಳಿದ್ದನ್ನು ಅತ್ತಿಗೆಗೆ ಹೇಳಿದೆ.

"ಅವರೇನು ನ್ಯೂಟ್ರಿಷನ್ ಓದವ್ರಾ?" ಎನ್ನುತ್ತಲೇ ಅತ್ತಿಗೆ ಲೋಟ ಒಯ್ದು ಅಜ್ಜಿಯ ಮುಂದಿಟ್ಟಳು. ನಾನು ತಲುಪುವಷ್ಟರಲ್ಲಿ ಲಿಂಗಕ್ಕೆ ತೋರಿಸಿಯೂ ಆಗಿತ್ತು.

ಬೇರೆ ದಾರಿ ಕಾಣದೆ ಕೇಳಿದೆ. "ಅಜ್ಜಿ, ಪ್ರಸಾದ ಒಬ್ಬಳೇ ತಗೋಬೇಕಾ? ಹಂಚಬಾರದಾ?"

ಅಜ್ಜಿಯ ಮುಖ ಅರಳಿತು. ಲೋಟ ಅತ್ತಿಗೆಯ ಕಡೆ ಚಾಚಿದಳು. "ತಕವ್ವ, ನೀನೇ ಕುಡಿ. ದಿನಾ ನಂಗೇ ಕೊಟ್ಟಿ."

ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. "ನಂಗ್ ಬ್ಯಾಡಿ ಅಜ್ಜಿ. ನೀವ್ ಕುಡೀರಿ."

"ಪ್ರಸಾದ ಕನವ್ವ."

"ಅದಲ್ಲ… ನಂಗೆ ಒಟ್ಟೆ ಉಬ್ಬರಿಸ್ಬುಡ್ತದೆ."

ಅಜ್ಜಿ ಅವಳನ್ನೇ ನೋಡಿದಳು. "ನಿಂಗೂವಾ?"

ಅತ್ತಿಗೆ ಸೆರಗಿನ ತುದಿ ಸರಿಮಾಡಿಕೊಂಡಳು. ಈಗಲಾದರೂ ಮುಗಿಯಿತು ಎಂದುಕೊಂಡರೆ, ಅಜ್ಜಿ ನಿಟ್ಟುಸಿರುಬಿಟ್ಟು ಲೋಟವನ್ನು ತನ್ನ ಬಾಯಿಗೇ ಒಯ್ದಳು. ಪ್ರಸಾದವಲ್ಲವೇ, ಯಾರಾದರೂ ಕುಡಿಯಲೇಬೇಕು. ಕಿತ್ತುಕೊಂಡು ನಾನೇ ಕುಡಿದೆ. ಚಾಕಲೇಟಿನ ವಾಸನೆ, ಸುಣ್ಣದ ನೀರಿನ ರುಚಿ. ಅಜ್ಜಿ ನೋಡುತ್ತಿದ್ದಳೆಂದು ತೊಳೆದ ನೀರನ್ನೂ ಕುಡಿದೆ.

"ಇನ್ನ ಕಲಸ್ಬ್ಯಾಡ ಕನವ್ವ," ಎಂದಳು ಅಜ್ಜಿ ಅತ್ತಿಗೆಗೆ, ಮೆತ್ತಗೆ. "ನಿಂಗಾಗ್ದಿದ್ದು ನಂಗಾದದಾ?"

ಮಧ್ಯಾಹ್ನ ಉಪ್ಸಾರಿನಲ್ಲಿ ಮುದ್ದೆ ಮುರಿದು ಅರ್ಧ ಉಂಡಳು. ಎದುರಿಗೆ ಕೂತ ಅತ್ತಿಗೆ, "ಮುಂದಿನ್ ವಾರ ಮ್ಯಾಂಗೋ ಶೇಕ್ ಬತ್ತದಂತೆ. ಅದು ಲೈಟಾಗಿರ್ತದೆ," ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊಟ್ಟೆ ತಿರುಚಿತು. ಹಿತ್ತಲಿಗೆ ಓಡಿದೆ.

ಕಕ್ಕಸಿನ ಬಾಗಿಲು ಹಾಕಿಕೊಂಡಾಗ ಜಗಲಿಯಿಂದ ಅಜ್ಜಿಯ ಗಂಟಲು ಕೇಳಿಸಿತು. ಗೋಡೆ ಹಿಡಿದೋ, ಹಿಡಿಯದೆಯೋ, ಅಲ್ಲಿಗೆ ಹೋಗಿ ಕೂತಿದ್ದಳು.

"ಕೂತ್ಕೊ ನಂದಿತಾ. ಆ ರಾಜನ್ ಮಗ್ಳು ಬಾವಿಗಿಳುದ್ಲಾ…"

ತಿಂಗಳುಗಟ್ಟಲೆ ಕಾದವಳು ನಾನು. ಹೇಳಿಸಿಕೊಳ್ಳುತ್ತಿದ್ದವಳು ಅತ್ತಿಗೆ. ಒಳಗಿಂದಲೇ ಕೂಗಿದೆ, "ಅಜ್ಜಿ, ಸ್ವಲ್ಪ ತಡಿ, ಬಂದೆ."

ಬರುವ ಹಾಗಿರಲಿಲ್ಲ.