ಎರಡು ಮೆಟ್ಟಿಲು ಬೆಳ್ಳಗೆ

ನಾನು ಕೆಲಸಕ್ಕೆ ಸೇರಿದ ಅಂಗಡಿಗೆ ಆರು ಮಾಳಿಗೆ, ಮೂರು ಲಿಫ್ಟು, ಲೆಕ್ಕವಿಲ್ಲದಷ್ಟು ಕನ್ನಡಿ. ಆದರೆ ಮೇಕಪ್ ಕೌಂಟರ್ ಇದ್ದ ಮೂಲೆಗೆ ಒಂದು ಕಿಟಕಿಯೂ ಇರಲಿಲ್ಲ. ಅಲ್ಲಿ ಹಗಲೆಂಬುದು ಬರೀ ಗಡಿಯಾರದೊಳಗಿನ ಮಾತು. ತಲೆಯ ಮೇಲೆ ಸಾಲು ಹಳದಿ ದೀಪ. ಅದರ ಕೆಳಗೆ ನಿಂತರೆ ತಿಂಗಳು ಜ್ವರ ಹೊತ್ತು ಎದ್ದವರೂ ಮದುಮಗಳಂತೆ ಕಾಣುತ್ತಿದ್ದರು. ಆ ಮೂಲೆಯ ಒಡತಿ ನಮ್ಮ ಮೇಡಂ. ಬೆನ್ನ ಹಿಂದೆ ನಾವು ಹುಡುಗಿಯರು ಅವರನ್ನು ‘ಬೆಳದಿಂಗಳು’ ಎನ್ನುತ್ತಿದ್ದೆವು. ಹೊಗಳಿಕೆ ಎಂದುಕೊಳ್ಳಬೇಡಿ. ಬೆಳದಿಂಗಳಿಗೆ ಸ್ವಂತ ಬೆಳಕೆಲ್ಲಿದೆ?

ಬೆಳದಿಂಗಳು ಮೇಡಂ ಎರಡು ಶಾಸನ ಮಾಡಿದ್ದರು. ಒಂದು, ಯಾರೇ ಬಂದರೂ ಅವರ ಚರ್ಮಕ್ಕಿಂತ ಎರಡು ಮೆಟ್ಟಿಲು ಬೆಳ್ಳಗಿನ ಫೌಂಡೇಶನ್ ಬಣ್ಣ ಕೊಡಬೇಕು. “ಜನ ಇಲ್ಲಿಗೆ ತಮ್ಮ ಮುಖ ಕೊಂಡ್ಕೊಳ್ಳೋಕೆ ಬರ್ತಾರೇನ್ರೇ? ಅದು ಮನೇಲೇ ಇರುತ್ತೆ,” ಎಂದು ಅವರು ಹೇಳುವಾಗ ಯಾವುದೋ ಮಹಾಸತ್ಯ ಬಾಯಿಂದ ಉದುರಿತೆಂಬಂತೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಎರಡನೆಯದು ಇನ್ನೂ ಘನವಾದದ್ದು. ಯಾವ ಬಣ್ಣ ಬಿಕರಿಯಾಗದೆ ಕಪಾಟು ಹಿಡಿದು ಕೂತಿದೆಯೋ, ಆ ವಾರ ಅದನ್ನು ನಾವೇ ಬಳಿದುಕೊಂಡು ಗಿರಾಕಿಗಳ ಮುಂದೆ ನಿಲ್ಲಬೇಕು.

ಬೆಳ್ಳಗಿನ ಬಣ್ಣಗಳಿಗೆಲ್ಲ ಹೆಸರಿತ್ತು: ದಂತ, ಹಾಲುಗೆನೆ, ಮುಂಜಾವಿನ ಗುಲಾಬಿ. ಕಪ್ಪಿಗೆ ಹತ್ತಿರವಾದವುಗಳಿಗೆ ಬರೀ ನಂಬರು, ಕೈದಿಗಳಿಗೆ ಇರುವ ಹಾಗೆ. ಅವೂ ಕೆಳಗಿನ ಡ್ರಾಯರಿನಲ್ಲಿ, ಬೆಳಕು ಕಾಣದೆ.

ಆ ವಾರ ದಂತದ ಸರದಿ. ನನ್ನ ಬಣ್ಣ ಅಜ್ಜಿಯದು, ಕಾದ ಬೆಲ್ಲದ್ದು. ಅದರ ಮೇಲೆ ದಂತ ಬಳಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಬೂದುಗುಂಬಳದಂತೆ ನಿಲ್ಲುತ್ತಿದ್ದೆ. ಮುಖ ತೊಳೆದೇ ಮನೆಗೆ ಹೋಗುತ್ತಿದ್ದರಿಂದ ಮನೆಯವರಿಗೆ ಗೊತ್ತಿರಲಿಲ್ಲ. ಮನೆಯವರೆಂದರೆ ಚಿಕ್ಕಮ್ಮ ಒಬ್ಬಳೇ. ನನ್ನ ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯಲು ಎರಡು ದಿನ ಬಾಕಿ ಇತ್ತು. ಮೇಡಂ ಒಂದು ಹಾಳೆಗೆ ಸಹಿ ಹಾಕಿದರೆ ಕೆಲಸ ಖಾಯಂ. ಚಿಕ್ಕಮ್ಮ ಮದುವೆಯಾಗಿ ಹೊರಟರೆ ಮನೆ ನನ್ನ ಹೆಗಲಿಗೆ ಬೀಳುವುದಿತ್ತು. ಹಾಗಾಗಿ ನಾನು ದಂತವನ್ನು ಸಹಿಸುತ್ತಿದ್ದೆ, ಮೇಡಂ ಮಾತಿಗೆ ತಲೆಯಾಡಿಸುತ್ತಿದ್ದೆ, ಬಿಡುವಾದಾಗ ಡಬ್ಬಿಯೊಳಗೆ ಬರುವ ಸಣ್ಣಕ್ಷರದ ಚೀಟಿಗಳನ್ನು ಬಿಡಿಸಿ ಓದುತ್ತಿದ್ದೆ. ಆ ಕೌಂಟರಿನಲ್ಲಿ ಅವನ್ನು ಓದುವ ಹುಚ್ಚು ಇನ್ಯಾರಿಗೂ ಇರಲಿಲ್ಲ.

ಆ ಮಧ್ಯಾಹ್ನ ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ, ಚಿಕ್ಕಮ್ಮ ಕೌಂಟರಿನ ಮುಂದೆ ಬಂದು ನಿಂತಳು. ನೇರ ನನ್ನನ್ನೇ ನೋಡಿ ಕೇಳಿದಳು.

“ನೋಡಮ್ಮ, ಇಲ್ಲಿ ನಮ್ಮ ಹುಡುಗಿಯೊಬ್ಬಳು ಕೆಲಸ ಮಾಡ್ತಾಳೆ. ಕಪ್ಪಗೆ, ಲಕ್ಷಣವಾಗಿದ್ದಾಳೆ. ಎಲ್ಲಿ ಅವಳು?”

“ಚಿಕ್ಕಮ್ಮಾ, ನಾನೇ.”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಅಯ್ಯೋ ನಿನ್ನ! ಇದೇನೇ ಇದು, ಹಿಟ್ಟಿನ ಗಿರಣೀಲಿ ಬಿದ್ಯಾ?”

ಮೇಡಂ ತೇಲಿಕೊಂಡು ಬಂದರು. “ನೋಡಿದ್ರಾ! ಸ್ವಂತ ಚಿಕ್ಕಮ್ಮನಿಗೇ ಗುರುತು ಸಿಗಲಿಲ್ಲ. ನಮ್ಮ ಪ್ರಾಡಕ್ಟಿಗೆ ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?”

ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಬಸ್ ಕಂಡಕ್ಟರ್. ಮುಂದಿನ ಬಾಗಿಲ ಬಿಸಿಲು ಅಷ್ಟೂ ವರ್ಷ ಅವಳ ಮುಖದ ಮೇಲೇ ಸವಾರಿ ಮಾಡಿ, ಎರಡೂ ಕೆನ್ನೆಯ ಮೇಲೆ ಕಂದು ಬಂಗು ಹರಡಿ ಇಳಿದಿತ್ತು. ನಲವತ್ತೇಳನೇ ವಯಸ್ಸಿನಲ್ಲಿ, ಮರುದಿನ ಬೆಳಿಗ್ಗೆ ಹತ್ತಕ್ಕೆ, ಅವಳು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಲಿದ್ದಳು. ವರ ಡಿಪೋದ ಅಂಗಿಗಳನ್ನು ಹೊಲಿಯುವ ದರ್ಜಿ. ನಾಲ್ಕು ವರ್ಷ ಅವಳ ಕಾಲರನ್ನೇ ಮತ್ತೆ ಮತ್ತೆ ಸರಿಮಾಡಿ, ಇನ್ನು ಸರಿಮಾಡಲು ಏನೂ ಉಳಿಯದಾಗ ಬಾಯಿಬಿಟ್ಟಿದ್ದ. ಎಲ್ಲ ಸರಿಯಿತ್ತು. ಆದರೆ ಹಿಂದಿನ ಭಾನುವಾರ ಆ ದರ್ಜಿಯ ಅಕ್ಕ ಮನೆಗೆ ಬಂದು, ಚಹಾ ಕುಡಿದು, ಚಿಕ್ಕಮ್ಮನ ಮುಖವನ್ನು ಅಂಗಡಿಯಲ್ಲಿ ಬಟ್ಟೆ ಎಳೆದು ನೋಡುವವರಂತೆ ನೋಡಿ, “ಬಟ್ಟೆ ಗಟ್ಟಿ ಇದೆ, ಕಲೆ ಬಿದ್ದಿದೆ ಅಷ್ಟೆ. ನನ್ನ ತಮ್ಮ ದರ್ಜಿ ತಾನೆ, ಹೇಗೋ ಹೊಂದಿಸ್ಕೋತಾನೆ ಬಿಡಿ,” ಎಂದು ನಕ್ಕಿದ್ದಳು. ಕುಡುಕರನ್ನು ಕುತ್ತಿಗೆ ಹಿಡಿದು ಬಸ್ಸಿನಿಂದ ಇಳಿಸುವ ನನ್ನ ಚಿಕ್ಕಮ್ಮ ಅವಳನ್ನು ಬಾಗಿಲವರೆಗೆ ಬೀಳ್ಕೊಟ್ಟು ಬಂದಳು. ಆ ಚಹಾದ ಲೋಟವನ್ನು ಮೂರು ಸಲ ತೊಳೆದಳು.

ಈಗ ಎತ್ತರದ ಸ್ಟೂಲಿನ ಮೇಲೆ ಕೂತು, ನನಗೆ ಮಾತ್ರ ಕೇಳುವಂತೆ ಹೇಳಿದಳು. “ಮುಖ ಬದಲಾಯಿಸೋದು ಗಿದಲಾಯಿಸೋದು ಬೇಡ. ಈ ಎರಡು ಕಲೆ ನಾಳೆ ಒಂದಿನ ಕಾಣಬಾರದು. ಆ ಹೆಂಗಸು ಹುಡುಕಬೇಕು, ಅವಳಿಗೆ ಸಿಗಬಾರದು. ಬಳ್ಕೊಂಡು ಬಂದಿದ್ದಾಳೆ ಅಂತಾನೂ ಅನ್ನಬಾರದು. ಆಗುತ್ತಾ?”

“ಆಗುತ್ತೆ, ಕೈ ಕೊಡು.” ಮಣಿಕಟ್ಟು ತಿರುಗಿಸಿ ನೋಡಿದೆ.

“ನಾಡಿ ನೋಡ್ತೀಯಾ? ಸಾಯೋ ಹಾಗೇನೂ ಇಲ್ಲ ಕಣೆ.”

“ನರದ ಬಣ್ಣ ನೋಡ್ತಿದೀನಿ. ಹಸಿರು ಕಂಡ್ರೆ ಚರ್ಮ ಒಳಗಿಂದ ಹಳದಿ ಕಡೆ ವಾಲಿದೆ ಅಂತ. ನೀಲಿ ಕಂಡ್ರೆ ಗುಲಾಬಿ ಕಡೆ. ನಿಂದು ಹಸಿರು.” ಮೂಗಿನ ಪಕ್ಕ ಸಣ್ಣಗೆ ಹೊಟ್ಟೆದ್ದಿತ್ತು: ಒಣ ಚರ್ಮ. ಹಾಗಿದ್ದರೆ ಮೊದಲು ಕ್ರೀಮ್, ಆಮೇಲೆ ನೀರಾಗಿ ಹರಡುವ ಫೌಂಡೇಶನ್. ಪೌಡರಿನಂಥದ್ದು ಕೂಡದು. ನಾನು ಬಗ್ಗಿ ಕೆಳಗಿನ ಡ್ರಾಯರ್ ಎಳೆದೆ.

ಒಂದು ಮೊಣಕಾಲು ಬಂದು ಅದನ್ನು ಮುಚ್ಚಿತು. “ಮದುಮಗಳಿಗೆ ಕೆಳಗಿನ ಡ್ರಾಯರಾ?” ಎಂದರು ಮೇಡಂ. “ಏಳು, ನಾನೇ ಮಾಡ್ತೀನಿ. ನೀನು ನೋಡಿ ಕಲಿ.”

ನೋಡಿದೆ. ಕಲಿಯಲು ಅಲ್ಲಿ ಏನೂ ಇರಲಿಲ್ಲ. ಒಣಗಿದ ಕೆನ್ನೆಗೆ ಕ್ರೀಮಿನ ಹನಿಯನ್ನೂ ಸೋಕಿಸದೆ, ಎಣ್ಣೆಮುಖದವರಿಗೆಂದೇ ಮಾಡಿದ ಫೌಂಡೇಶನ್ ತೆಗೆದರು. ಅದರ ಡಬ್ಬಿಯ ಮೇಲೆ ಹಾಗೆಂದು ಬರೆದೂ ಇತ್ತು, ಆದರೆ ಡಬ್ಬಿಗಳು ಓದುವುದಕ್ಕೆ ಇರುತ್ತವೆ ಎಂದು ಮೇಡಂಗೆ ಯಾರೂ ಹೇಳಿರಲಿಲ್ಲ. ಬಂಗಿನ ಮೇಲೆ, ಕಲೆ ಮುಚ್ಚುವ ಬಿಳಿ ಕನ್ಸೀಲರನ್ನು ಬಿರುಕಿಗೆ ಸಿಮೆಂಟು ಮೆತ್ತುವ ಮೇಸ್ತ್ರಿಯಂತೆ ಮೆತ್ತಿದರು. ಕಂದು ಕಲೆಯ ಮೇಲೆ ಬಿಳಿ ಬಿದ್ದರೆ ಬೂದಿಯಾಗುತ್ತದೆ. ಅಡುಗೆಮನೆಯ ಒಲೆ ಒರೆಸಿದವರಿಗೆಲ್ಲ ಗೊತ್ತಿರುವ ಸಂಗತಿ. ಮೇಲೆ ದಂತ. ಕತ್ತಿಗೆ ಏನೂ ಇಲ್ಲ. ಕತ್ತು ಮುಖದ ಸಂಬಂಧಿಕರಲ್ಲ ಎಂಬುದು ಅವರ ಗಟ್ಟಿ ನಂಬಿಕೆ.

“ಈಗ ನೋಡ್ಕೊಳ್ಳಿ!”

ಹಳದಿ ದೀಪ ತನ್ನ ಮೋಸವನ್ನು ನಿಷ್ಠೆಯಿಂದ ಮಾಡಿತು. ಕನ್ನಡಿಯಲ್ಲಿ ಕಲೆಯಿಲ್ಲದ, ಹೊನ್ನಿನ ಹೊಳಪಿನ ಹೆಂಗಸು. ಚಿಕ್ಕಮ್ಮನ ಕೈ ಮೆಲ್ಲಗೆ ಕೆನ್ನೆಗೆ ಹೋಯಿತು, ಮುಟ್ಟಲಿಲ್ಲ.

“ಇದು ನಾನಾ?” ಎಂದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. “ಹೇಗಿದೆಯೇ?”

ಮೇಡಂ ಸಹ ನನ್ನತ್ತ ತಿರುಗಿದರು. “ಹೇಳಮ್ಮ. ಶನಿವಾರ ನಿನ್ನ ಹಾಳೆ ಬೇರೆ ಬರುತ್ತೆ ನನ್ನ ಟೇಬಲ್ಲಿಗೆ. ಹೇಗಿದೆ?”

“ಚೆನ್ನಾಗಿದೆ,” ಎಂದೆ.

ಚಿಕ್ಕಮ್ಮ ನಂಬಿದಳು. ಅವರಿಗೆ ತೋರಿಸಿ ಬರ್ತೀನಿ, ಸಾಮಾನು ಆಮೇಲೆ ಕಟ್ಟಿಸ್ಕೊಳ್ಳೋಣ ಎಂದು ಹೇಳಿ, ಹೊಸ ಚಪ್ಪಲಿ ಹಾಕಿದ ಮಗುವಿನಂತೆ ಎಚ್ಚರದಿಂದ ನಡೆಯುತ್ತ ದೊಡ್ಡ ಬಾಗಿಲಿನತ್ತ ಹೋದಳು. ದರ್ಜಿಯ ಅಂಗಡಿ ಎರಡು ಬೀದಿಯಾಚೆ. ಅವನ ಅಕ್ಕ ಆ ಹೊತ್ತಿಗೆ ಅಲ್ಲೇ ಕೂತು ಗುಂಡಿ ಹೊಲಿಯುತ್ತಾಳೆಂದು ನನಗೆ ಗೊತ್ತಿತ್ತು.

ಕೌಂಟರ್ ಬಿಟ್ಟು ಹೋಗುವುದು ನಮ್ಮಲ್ಲಿ ಕೊಲೆಗಿಂತ ಒಂದು ಗೆರೆ ಕಡಿಮೆಯ ಅಪರಾಧ. ಡ್ರಾಯರಿನಿಂದ ಹದಿನಾಲ್ಕನೇ ನಂಬರಿನ ಸೀಸೆ, ಕಿತ್ತಳೆ ಬಣ್ಣದ ಕನ್ಸೀಲರ್, ಕ್ರೀಮು, ಹತ್ತಿ, ಕೈಗನ್ನಡಿ, ಎಲ್ಲವನ್ನೂ ಏಪ್ರನ್ನಿಗೆ ತುಂಬಿಕೊಂಡು ಓಡಿದೆ. “ಏಯ್! ಎಲ್ಲಿಗೆ?” ಎಂಬ ಕೂಗು ಬೆನ್ನಿಗೆ ಬಿತ್ತು.

ಬಾಗಿಲಾಚೆಯ ಮೆಟ್ಟಿಲ ಮೇಲೆ ಅವಳ ತೋಳು ಹಿಡಿದೆ. “ಚಿಕ್ಕಮ್ಮಾ, ನಿಲ್ಲು. ಇಲ್ಲಿ ನೋಡ್ಕೋ.”

ಮೂರು ಗಂಟೆಯ ಬಿಸಿಲು. ಕನ್ನಡಿಯಲ್ಲಿ ದಪ್ಪ ಬೂದಿ ಬಣ್ಣದ ಮುಖ, ಅದರೊಳಗಿನಿಂದ ಬಂಗು ನೀಲಿಗಟ್ಟಿದ ಏಟಿನಂತೆ ಇಣುಕುತ್ತಿತ್ತು. ಮೂಗಿನ ಬದಿಗೆ ಪುಡಿಪುಡಿ ಬಿರುಕು. ದವಡೆಯ ಕೆಳಗೆ ಗೆರೆ ಎಳೆದಂತೆ ಬೇರೆಯೇ ಹೆಂಗಸಿನ ಕತ್ತು.

ಚಿಕ್ಕಮ್ಮ ಮುಖವನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿಕೊಂಡಳು. “ನಿನ್ನಜ್ಜಿ ತೀರಿಕೊಂಡ ದಿನ ಅವಳ ಮುಖ ಹೀಗೇ ಆಗಿತ್ತು,” ಎಂದಳು. ಆಮೇಲೆ, “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಚೆನ್ನಾಗಿದೆ ಅಂದೆ. ಆ ಹೆಂಗಸಿನ ಮುಂದೆ ಹೀಗೇ ಹೋಗಿ ನಿಲ್ತಿದ್ದೆ ನಾನು.”

ಬಯ್ದಿದ್ದರೆ ಸುಲಭವಾಗುತ್ತಿತ್ತು. ನಾನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಹತ್ತಿಯಿಂದ ದಂತವನ್ನೆಲ್ಲ ಒರೆಸಿದೆ. ಹತ್ತಿ ಮೂರು ಉಂಡೆ ಬೇಕಾಯಿತು. ಕ್ರೀಮು ತಿಕ್ಕಿ ಇಳಿಯಲು ಬಿಟ್ಟೆ. ಬಂಗಿನ ಮೇಲೆ ಮಾತ್ರ ಕಿತ್ತಳೆ ಕನ್ಸೀಲರನ್ನು ಉಂಗುರದ ಬೆರಳಿನಿಂದ, ಉಜ್ಜದೆ, ತಟ್ಟಿ ತಟ್ಟಿ ಕೂರಿಸಿದೆ.

“ಕಿತ್ತಳೇನಾ? ಸರ್ಕಸ್ಸಿಗೆ ಸೇರಿಸ್ತೀಯಾ?”

“ಕಂದಿನ ಒಳಗಿರೋ ನೀಲಿಯನ್ನ ಕಿತ್ತಳೆ ನುಂಗುತ್ತೆ. ಸುಮ್ನಿರು.” ಹದಿನಾಲ್ಕರಿಂದ ದವಡೆಯ ಮೇಲೆ ಒಂದು ಗೆರೆ ಎಳೆದೆ. ಗೆರೆ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ಅದೇ ಬೇಕಾದದ್ದು. ತೆಳ್ಳಗೆ ಮುಖಕ್ಕೆ, ಕಿವಿಗೆ, ಕತ್ತಿನವರೆಗೆ ಇಳಿಸಿದೆ. “ಈಗ ಕಾಲು ಗಂಟೆ ಕಾಯಬೇಕು. ಹಚ್ಚಿದ ಬಣ್ಣ ಗಾಳಿಗೆ ಒಂಚೂರು ಕಪ್ಪಾಗುತ್ತೆ. ಆಮೇಲೆ ಕಂಡದ್ದೇ ನಿಜ.”

ಕಾಯುತ್ತಿರುವಾಗಲೇ ಬಾಗಿಲು ತೆರೆಯಿತು. ಮೇಡಂ.

ಅಜ್ಜಿಯ ಕತೆಯೊಂದರಲ್ಲಿ ಒಬ್ಬ ರಕ್ಕಸಿ ಬರುತ್ತಿದ್ದಳು. ಗುಹೆಯ ದೀಪದಲ್ಲಿ ಅವಳು ಅಪ್ರತಿಮ ಸುಂದರಿ. ರಾಜಕುಮಾರರು ಸಾಲುಗಟ್ಟಿ ಬಂದು ಊಟವಾಗುತ್ತಿದ್ದರು. ಅವಳನ್ನು ಗೆಲ್ಲಲು ಕತ್ತಿ ಬೇಕಿರಲಿಲ್ಲ, ಹೊಸಿಲು ದಾಟಿಸಿದರೆ ಸಾಕಿತ್ತು. ನಮ್ಮ ಮೇಡಂ ಬೆಳಕು ಹರಿಯುವ ಮೊದಲೇ ಬಂದು ಕತ್ತಲಾದ ಮೇಲೆ ಹೋಗುವವರು. ಅವರನ್ನು ಬಿಸಿಲಿನಲ್ಲಿ ನಾನು ಕಂಡದ್ದು ಅದೇ ಮೊದಲು. ಹಣೆಯ ಮೇಲೆ ಪದರ ಬಿರಿದಿತ್ತು. ಬಾಯಿಯ ಸುತ್ತ ಹಳೆಯ ಗೋಡೆಯ ಹಾಗೆ ಗೆರೆಗಳು. ಹಾದುಹೋಗುತ್ತಿದ್ದವನೊಬ್ಬ ಅವರನ್ನು ಎರಡನೇ ಸಲ ತಿರುಗಿ ನೋಡಿದ. ಮೇಡಂ ಅದನ್ನು ಮೆಚ್ಚುಗೆ ಎಂದುಕೊಂಡು ಕೂದಲು ಸರಿಮಾಡಿಕೊಂಡರು.

“ನಾಳೆಯಿಂದ ಬರಬೇಡ ನೀನು.”

“ನಾಳೆ ಹೇಗೂ ಬರ್ತಿರ್ಲಿಲ್ಲ ಮೇಡಂ, ಮದುವೆ ಇದೆ.” ಹದಿನಾಲ್ಕರ ಸೀಸೆಯ ಮುಚ್ಚಳ ಬಿಗಿಮಾಡಿದೆ.

“ಅದು ಹಚ್ಚಿ ತೋರಿಸೋ ಟೆಸ್ಟರ್ ಅಲ್ಲ, ಹೊಸ ಬಾಟ್ಲಿ! ಸೀಲ್ ಒಡೆದಿದೀಯ!”

ಚಿಕ್ಕಮ್ಮ ಎದ್ದಳು. ಇಪ್ಪತ್ತೆರಡು ವರ್ಷ ಇಂಜಿನ್ನಿನ ಸದ್ದನ್ನು ಮೀರಿಸಿದ ದನಿ ಅವಳಿಗೆ ವಾಪಸ್ ಬಂದಿತ್ತು. “ಹಾಗಿದ್ರೆ ಬಿಲ್ ಹಾಕಿ, ತಗೋತೀನಿ. ಹದಿನಾಲ್ಕು ನಂಬರು, ಆ ಕಿತ್ತಳೆದು, ಕ್ರೀಮು. ಬಾಗಿಲಲ್ಲಿ ನಿಲ್ಬೇಡಿ ಮೇಡಂ, ಒಳಗೆ ಹೋಗಿ, ಒಳಗೆ ಹೋಗಿ! ಬಿಸಿಲಿಗೆ ಸುಣ್ಣ ಉದುರ್ತಿದೆ.”

ಮೇಡಂ ಬಾಯಿ ತೆರೆದರು, ಕೆನ್ನೆಯ ಹತ್ತಿರ ಮತ್ತೊಂದು ಬಿರುಕು ಬಿಟ್ಟಿತು, ಮುಚ್ಚಿದರು. ಕೌಂಟರಿಗೆ ಮರಳಿ, ಕೆಳಗಿನ ಡ್ರಾಯರಿನ ಸಾಮಾನಿಗೆ ತಮ್ಮ ಕೈಯಾರೆ ಬಿಲ್ ಹರಿದು ಕೊಟ್ಟರು. ನಾನು ಏಪ್ರನ್ ಬಿಚ್ಚಿ ಕೌಂಟರಿನ ಮೇಲಿಟ್ಟೆ.

ಮರುದಿನ ರಿಜಿಸ್ಟರ್ ಆಫೀಸಿನ ಬೆಂಚಿನ ಮೇಲೆ, ದೊಡ್ಡ ಕಿಟಕಿಯ ಪಕ್ಕ, ಚಿಕ್ಕಮ್ಮ ಬೇಕೆಂದೇ ಬೆಳಕಿಗೆ ಮುಖಮಾಡಿ ಕೂತಳು. ಬೆಳಿಗ್ಗೆ ಆರಕ್ಕೇ ಕಿಟಕಿಯ ಹತ್ತಿರ ಕೂರಿಸಿ ಹಚ್ಚಿದ್ದೆ. ದರ್ಜಿಯ ಅಕ್ಕ ಬಂದಳು, ಮುಖದ ತುಂಬ ಪೌಡರು, ಹುಬ್ಬಿನ ಮೇಲೂ ಪೌಡರು. ಚಿಕ್ಕಮ್ಮನ ಕತ್ತಿನ ಸರ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಎಡಗೆನ್ನೆ ನೋಡಿದಳು. ಸರವನ್ನು ಇನ್ನೊಮ್ಮೆ ಸರಿಮಾಡಿ ಬಲಗೆನ್ನೆ ನೋಡಿದಳು. ಕಲೆಯೂ ಇಲ್ಲ, ಬಳಿದ ಗುರುತೂ ಇಲ್ಲ. ಕೊನೆಗೆ ಬೆರಳ ತುದಿಯಿಂದ ಕೆನ್ನೆಯನ್ನು ಸವರಿಯೂ ಬಿಟ್ಟಳು.

“ಏನತ್ತಿಗೆ, ಬಟ್ಟೆ ಬಣ್ಣ ಬಿಡುತ್ತಾ?” ಎಂದು ಕೇಳಿದಳು ಚಿಕ್ಕಮ್ಮ.

ಅತ್ತಿಗೆ ಬೆರಳನ್ನು ನೋಡಿಕೊಂಡು, ಇಲ್ಲಿ ಸೆಕೆ ಜಾಸ್ತಿ ಎಂದು ಗೊಣಗುತ್ತ ದೂರದ ಬೆಂಚಿಗೆ ಹೋಗಿ ಕೂತಳು. ಇಡೀ ಬೆಳಿಗ್ಗೆ ಅವಳ ಬಾಯಿಂದ ಇನ್ನೊಂದು ಮಾತು ಬರಲಿಲ್ಲ. ಅಷ್ಟು ಚಂದದ ಉಡುಗೊರೆಯನ್ನು ಆ ಮದುವೆಗೆ ಬೇರೆ ಯಾರೂ ತರಲಿಲ್ಲ.

ದರ್ಜಿ ಮಾತ್ರ ಪೆನ್ನು ಕೈಯಲ್ಲಿ ಹಿಡಿದವನು ಸಹಿ ಹಾಕದೆ ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದ. ಗುಮಾಸ್ತ ಎರಡು ಸಲ ಕೆಮ್ಮಿದ.

“ಅಲ್ಲ, ಇಲ್ಲಿ… ಇಲ್ಲೊಂದು ಇತ್ತಲ್ಲ,” ಎಂದು ತನ್ನದೇ ಕೆನ್ನೆ ಮುಟ್ಟಿ ತೋರಿಸಿದ, ಏನೋ ಕಳೆದುಕೊಂಡವನ ಹಾಗೆ. “ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ, ಸಂಜೆ ಮುಖ ತೊಳೀತೀನಿ,” ಎಂದಳು ಚಿಕ್ಕಮ್ಮ. “ಆಗ ಹತ್ರ ಬಂದು ನೋಡಿ. ಈಗ ಸಹಿ ಹಾಕಿ, ಹಿಂದೆ ಜನ ಕಾಯ್ತಿದ್ದಾರೆ.”